ಡಬ್ಬಿ ತೋರಿಸಿದ ಬ್ರೌಸರ್

ರಾಣೇಬೆನ್ನೂರಿನ ಬಸ್ ನಿಲ್ದಾಣದ ಹತ್ತಿರ, ಬೀಜದ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಆಫೀಸು. ಎರಡು ಸಾವಿರದ ಮೊದಲ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾನು ಹಾವೇರಿಯಿಂದ, ನನ್ನ ಗೆಳತಿ ಐರಣಿಯಿಂದ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆವು. ಮಾಲೀಕರು ಸುತ್ತಲಿನ ಅಂಗಡಿ, ಶಾಲೆಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದರು. ಅದು ಸರಿಯಾಗಿ ನಡೆಯುತ್ತದೋ ಇಲ್ಲವೋ ಎಂದು ನೋಡುವುದು ನಮ್ಮಿಬ್ಬರ ಕೆಲಸ.

ನೀಲಿ 'ಇ' ಅಕ್ಷರದ ಬ್ರೌಸರ್ ಒಂದು, ನರಿಯ ಚಿತ್ರದ್ದು ಇನ್ನೊಂದು. ಎರಡರಲ್ಲೂ ಪ್ರತಿ ಪುಟ ತೆರೆದು, ಹೆಸರು ತುಂಬಿ, ಗುಂಡಿ ಒತ್ತಿ ನೋಡಬೇಕು. ಒಂದರಲ್ಲಿ ನೆಟ್ಟಗಿದ್ದ ಗುಂಡಿ ಇನ್ನೊಂದರಲ್ಲಿ ಪುಟದ ಮೂಲೆಗೆ ಹೋಗಿ ಅಡಗಿರುತ್ತಿತ್ತು. ಪುಟದಲ್ಲಿ ಒಂದು ಸಾಲು ಬದಲಾದರೂ ಮತ್ತೆ ಮೊದಲಿನಿಂದ ಶುರು. ಸಂಜೆಗೆ ಬೆರಳು ಜೋಮು ಹಿಡಿಯುತ್ತಿದ್ದವು.

ಒಂದು ದಿನ ಮಾಲೀಕರು, ಬ್ರೌಸರನ್ನು ತಾನಾಗಿಯೇ ಓಡಿಸುವ ಸಾಧನವೊಂದು ಪುಕ್ಕಟೆ ಸಿಗುತ್ತದಂತೆ ಎಂದರು. "ಇಬ್ರೂ ಕೂಡಿ ಹಚ್ಚಿ ನೋಡ್ರಿ" ಅಂದದ್ದೇ ತಡ, ನಾವು ಕೂತೆವು. ಸುಲಭವೇನಲ್ಲ. ಪರೀಕ್ಷೆಗಾಗಿ ತೆರೆದ ಬ್ರೌಸರಿಗೆ ಪ್ರತಿ ಸಲವೂ ಹೊಸ ಹುಟ್ಟು. ಹಿಂದಿನದು ಯಾವುದೂ ನೆನಪಿರುವುದಿಲ್ಲ. ತೆರೆದ ಕೂಡಲೇ 'ನನ್ನನ್ನೇ ಮುಖ್ಯ ಬ್ರೌಸರ್ ಮಾಡಿಕೊಳ್ಳುತ್ತೀರಾ' ಎಂದು ಕೇಳುತ್ತ ನಿಂತುಬಿಡುತ್ತಿತ್ತು. ಆ ಪ್ರಶ್ನೆಯ ಬಾಯಿ ಮುಚ್ಚಿಸಿದೆವು. ನರಿ ಒಮ್ಮೆ ತಾನೇ ಹೊಸ ಆವೃತ್ತಿಗೆ ಏರಿ ಕುಳಿತು ನಮ್ಮ ಸಾಧನವನ್ನು ಗುರುತೇ ಹಿಡಿಯದಾಯಿತು. ಹಳೆಯದನ್ನು ಹುಡುಕಿ ತಂದು ಹಾಕಿ, ತಾನಾಗಿ ಬದಲಾಗದಂತೆ ಕಟ್ಟಿಹಾಕಿದೆವು. ನಡುನಡುವೆ ಕರೆಂಟು ಹೋಗುತ್ತಿತ್ತು. ಬಂದ ಮೇಲೆ ಮತ್ತೆ.

ಕೊನೆಗೊಂದು ಮಧ್ಯಾಹ್ನ ಕಿಟಕಿ ತಾನಾಗಿಯೇ ತೆರೆಯಿತು. ಖಾಲಿ ಜಾಗದಲ್ಲಿ ಒಂದೊಂದೇ ಅಕ್ಷರ ಮೂಡಿತು, ಗುಂಡಿ ತಾನೇ ಒತ್ತಿಕೊಂಡಿತು, ಪುಟ ಬದಲಾಯಿತು. ಕೆಳಗೆ ಹಸಿರು ಗೆರೆ: ಎಲ್ಲ ಸರಿ. ನಾವಿಬ್ಬರೂ ಕೈ ಕಟ್ಟಿಕೊಂಡು ನೋಡುತ್ತಲೇ ಇದ್ದೆವು. ಪೇಟೆಗೆ ಬಂದಿದ್ದ ಗೆಳತಿಯ ತಾಯಿ ಮಗಳನ್ನು ನೋಡಿ ಹೋಗಲು ಅದೇ ಹೊತ್ತಿಗೆ ಮೇಲೆ ಬಂದರು.

"ಅಯ್ಯ ನಮ್ಮವ್ವಾ, ಯಾರ್ ಒತ್ತಾಕತ್ತಾರ ಇದನ್ನ?"

"ಯಾರೂ ಇಲ್ಲಬೇ, ಅದ ಮಾಡತೈತಿ" ಎಂದಳು ಗೆಳತಿ, ಹೆಮ್ಮೆಯಿಂದ.

ತಾಯಿ ತೆರೆಯನ್ನೂ ನಮ್ಮನ್ನೂ ಒಂದೊಂದು ಸಲ ನೋಡಿದರು. "ಮತ್ತ ನಿಮ್ಮನ್ಯಾಕ ಇಟ್ಕೊಂಡಾರ?"

ನಾವು ಬಿದ್ದು ಬಿದ್ದು ನಕ್ಕೆವು. ಆದರೆ ಸಂಜೆ ಬಸ್ಸಿನಲ್ಲಿ ಒಬ್ಬಳೇ ಕೂತಾಗ ಆ ಮಾತು ಒಳಗೆಲ್ಲೋ ಕುಟುಕಿತು. ಖರೇನೇ, ಇನ್ನು ನಾವು ಯಾಕೆ?

ಅದೇ ತಿಂಗಳು ಬ್ಯಾಡಗಿಯ ದಲಾಲರೊಬ್ಬರಿಗೆ ಮೆಣಸಿನಕಾಯಿ ದರ ತೋರಿಸುವ ವೆಬ್‌ಸೈಟ್ ತಯಾರಾಯಿತು. ಎಲ್ಲವೂ ಕನ್ನಡದಲ್ಲಿ. ಪರೀಕ್ಷೆ ಓಡಿಸಿದೆವು, ಎರಡೂ ಬ್ರೌಸರಿನಲ್ಲಿ ಹಸಿರು ಗೆರೆ. ಮರುದಿನ ಬೆಳಿಗ್ಗೆ ದಲಾಲರ ಫೋನು ಬಂತು. ಎತ್ತಿದವಳು ನಾನು.

"ಏನವಾ ತಂಗಿ, ಕಡ್ಡಿ ರೇಟ್ ಎಲ್ಲಿ ಐತಿ? ಇಲ್ಲಿ ಬರೇ ಡಬ್ಬೀನ ಕಾಣಾಕತ್ತಾವು."

ಕಡ್ಡಿ, ಡಬ್ಬಿ ಎರಡೂ ಬ್ಯಾಡಗಿ ಮೆಣಸಿನಕಾಯಿಯ ಜಾತಿಗಳು. ಕಡ್ಡಿಯ ದರ ಬಿಟ್ಟುಹೋಗಿರಬೇಕೆಂದು ನಾನು ಪುಟವನ್ನೆಲ್ಲ ತಡಕಾಡಿದೆ. ಇತ್ತು. "ಐತಲ್ರೀ ಕಾಕಾರ, ಎರಡನೇ ಸಾಲಿನ್ಯಾಗ ನೋಡ್ರಿ" ಎಂದೆ.

"ಎರಡನೇ ಸಾಲಿನ್ಯಾಗೂ ಡಬ್ಬಿ, ಮೂರನೇದರಾಗೂ ಡಬ್ಬಿ. ನೀವಾ ಬಂದು ನೋಡ್ರಿ."

ಇಬ್ಬರೂ ಬಸ್ಸು ಹಿಡಿದೆವು. ಅಂಗಡಿಗೆ ಕಾಲಿಡುವ ಮೊದಲೇ ಘಾಟಿಗೆ ಸೀನು ಶುರುವಾಯಿತು. ಸೆರಗು, ಓಢಣಿ ಮೂಗಿಗೆ ಒತ್ತಿಕೊಂಡು, ಚೀಲಗಳ ನಡುವೆ ಇಟ್ಟಿದ್ದ ಕಂಪ್ಯೂಟರ್ ನೋಡಿದರೆ, ಅವರು ಹೇಳಿದ್ದು ಅಕ್ಷರಶಃ ನಿಜ. ಕನ್ನಡದ ಒಂದಕ್ಷರವೂ ಇಲ್ಲ, ಪುಟದ ತುಂಬ ಸಣ್ಣ ಸಣ್ಣ ಖಾಲಿ ಚೌಕಗಳು. ಡಬ್ಬಿಗಳೇ! ಆ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ತೋರಿಸುವ ಸೌಲಭ್ಯವನ್ನು ಯಾರೂ ಹಾಕಿರಲಿಲ್ಲ. ನಮ್ಮಲ್ಲಿ ಎಂದೋ ಹಾಕಿದ್ದರಿಂದ ನಮಗದು ಹೊಳೆದಿರಲೂ ಇಲ್ಲ. ತಾನಾಗಿ ಓಡುವ ಬ್ರೌಸರ್, ಪುಟದೊಳಗಿನ ಅಕ್ಷರಗಳ ಸಂಕೇತ ನಾವು ಕೊಟ್ಟದ್ದಕ್ಕೆ ಹೊಂದುತ್ತದೋ ಎಂದಷ್ಟೇ ನೋಡುತ್ತಿತ್ತು. ಕಣ್ಣಿಗೆ ಕಾಣುವುದೇನು ಎಂಬುದು ಅದಕ್ಕೆ ಸಂಬಂಧವಿಲ್ಲದ ಮಾತು.

ಗೆಳತಿ ನನ್ನ ಕಡೆ ತಿರುಗಿ ಸೀನುತ್ತಲೇ ಅಂದಳು: "ನಮ್ಮವ್ವಗ ಇದನ್ನ ಹೇಳಬೇಕು ನೋಡ. ನಮ್ಮನ್ಯಾಕ ಇಟ್ಕೊಂಡಾರ ಅಂತ ಈಗ ಗೊತ್ತಾತು."

ದಲಾಲರು ನಕ್ಕು, "ಮೊದ್ಲ ಚಾ ಕುಡೀರಿ, ಆಮ್ಯಾಲ ಡಬ್ಬಿ ತೆಗೀರಿ" ಎಂದು ಕುರ್ಚಿ ಎಳೆದುಕೊಟ್ಟರು. ಎಲ್ಲಿ ಹೋದರೂ ಚೀಲದಲ್ಲಿರುತ್ತಿದ್ದ ವಿಂಡೋಸ್ ಸಿ.ಡಿ.ಯಿಂದ ಕನ್ನಡ ಹಾಕಿ, ಕಂಪ್ಯೂಟರ್ ಆರಿಸಿ ಹಚ್ಚಿದಾಗ 'ಬ್ಯಾಡಗಿ ಕಡ್ಡಿ' ಎಂಬ ಅಕ್ಷರಗಳು ಒತ್ತಕ್ಷರದ ಸಮೇತ ಮೂಡಿ ನಿಂತವು. ದಲಾಲರು ಅವನ್ನು ಗಟ್ಟಿಯಾಗಿ ಓದಿದರು. ಪಕ್ಕದ ಅಂಗಡಿಯವರು ಕೇಳಿಸಿಕೊಂಡು ಬಂದು, "ನಮ್ಮದಕ್ಕೂ ಹಾಕಿ ಹೋಗ್ರಿ" ಎಂದರು. ಆ ದಿನ ಅದೇ ಕೆಲಸ. ಮನೆಗೆ ಹೋದರೆ ಬಟ್ಟೆಯ ಘಾಟಿಗೆ ಅವ್ವನೂ ಸೀನಿದಳು.

ಆಮೇಲೆ ನಾವು ಎರಡು ಬದಲಾವಣೆ ಮಾಡಿಕೊಂಡೆವು. ಕನ್ನಡ ಹಾಕದ ಕಂಪ್ಯೂಟರ್ ಒಂದನ್ನು ಬೇಕೆಂದೇ ಇಟ್ಟೆವು. ಬ್ರೌಸರ್ ಓಡುವಾಗ ಪ್ರತಿ ಪುಟದ ಚಿತ್ರ ತೆಗೆದಿಡುವಂತೆ ಮಾಡಿದೆವು. ಬೆಳಿಗ್ಗೆ ಚಹಾ ಕುಡಿಯುತ್ತ ಆ ಚಿತ್ರಗಳನ್ನು ಇಬ್ಬರೂ ಕೂಡಿ ನೋಡುತ್ತಿದ್ದೆವು, ಮದುವೆಯ ಆಲ್ಬಮ್ ನೋಡಿದ ಹಾಗೆ, ಒಂದೊಂದಕ್ಕೂ ಏನಾದರೊಂದು ಟೀಕೆ ಮಾಡುತ್ತ. ನನ್ನ ಕೆಲಸದ ದಿನಗಳಲ್ಲಿ ಅಷ್ಟು ಹಗುರಾದ ಬೆಳಗುಗಳು ಮತ್ತೆ ಬಂದಿಲ್ಲ.

ಮಾಲೀಕರು ಮುಂದೆ ಹುಬ್ಬಳ್ಳಿಗೆ ಹೋದರು, ಆಫೀಸು ಮುಚ್ಚಿತು. ಗೆಳತಿ ಮದುವೆಯಾಗಿ ಕುಪ್ಪೇಲೂರಿಗೆ ಹೋಗಿ, ಶಾಲೆಯಲ್ಲಿ ಕಂಪ್ಯೂಟರ್ ಕಲಿಸತೊಡಗಿದಳು. ನಾನು ಹಾವೇರಿಯಲ್ಲೇ ಇದ್ದು ಇದೇ ಕೆಲಸ ಮಾಡುತ್ತಿದ್ದೇನೆ. ಈಗಿನ ಬ್ರೌಸರುಗಳಿಗೆ ತೆರೆಯೂ ಬೇಕಿಲ್ಲ. ಕಾಣದಂತೆ ಓಡಿ ವರದಿ ಒಪ್ಪಿಸುತ್ತವೆ. ಅಕ್ಷರ ತಾನಾಗಿ ಮೂಡುವುದನ್ನು ನಿಂತು ನೋಡುವವರಿಲ್ಲ.

ಹೋದ ವರ್ಷ ಗೆಳತಿ ಫೋನು ಮಾಡಿದ್ದಳು. "ನಮ್ಮ ಸಾಲಿ ವೆಬ್‌ಸೈಟ್ ಆಗೇತಿ. ಬಂದು ಒಂದೀಟು ನೋಡ್ತೀ ಏನ?" ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸಾಧನಗಳೂ ಇದ್ದವು, ಒಯ್ಯಲಿಲ್ಲ. ಶಾಲೆ ಬಿಟ್ಟ ಮೇಲೆ ಖಾಲಿ ಕೋಣೆಯಲ್ಲಿ ಅಕ್ಕಪಕ್ಕ ಕೂತು, ಒಂದೊಂದೇ ಪುಟ ತೆರೆದು, ಕೈಯಿಂದಲೇ ಒತ್ತಿ ನೋಡಿದೆವು. ಮುಗಿಸುವ ಅವಸರ ಇಬ್ಬರಿಗೂ ಇರಲಿಲ್ಲ.