ನೆಗ್ಗು ತೆಗೆದವರು

ನಮ್ಮ ಕಾರಿನ ಎಡಗಡೆಯ ಹಿಂಬಾಗಿಲಿಗೆ ನೆಗ್ಗು ಬಿದ್ದದ್ದು ನನ್ನ ಯಜಮಾನರ ಮಾರ್ಗದರ್ಶನದಲ್ಲಿ. ಮುಳಬಾಗಿಲಿನ ನಮ್ಮ ಮನೆಯ ಗೇಟಿನ ಎರಡೂ ಪಕ್ಕ ತಲೆ ದುಂಡಗಿರುವ ಹಳೆಯ ಕಲ್ಲುಗಂಬಗಳಿವೆ. ನಾನು ಕೋಲಾರದ ಕಾಲೇಜಿನಲ್ಲಿ ಪಾಠ ಹೇಳುವವಳು. ಆರು ವರ್ಷದಿಂದ ದಿನವೂ ಅದೇ ಗೇಟಿನಿಂದ ಕಾರನ್ನು ಹಿಂದಕ್ಕೆ ತೆಗೆದಿದ್ದೇನೆ. ಕಂಬಗಳಿಗೂ ನನಗೂ ಒಂದು ದಿನವೂ ಜಗಳವಾಗಿರಲಿಲ್ಲ. ಆ ಭಾನುವಾರ ಇವರಿಗೆ ಏನನ್ನಿಸಿತೋ, ರಸ್ತೆಯಲ್ಲಿ ನಿಂತು ಒಂದು ಕೈಯಲ್ಲಿ ಫೋನು ನೋಡುತ್ತಾ ಇನ್ನೊಂದು ಕೈಯನ್ನು ಬೀಸಿದರು.

"ಬಾ, ಬಾ, ಕಟ್ ಮಾಡು... ಇನ್ನೂ ಬೇಕಾದಷ್ಟು ಜಾಗ ಇದೆ, ಬಾ."

ಡೊಂಕ್ ಎಂದಿತು.

"ನಿಲ್ಸು ಅನ್ನೋಷ್ಟ್ರಲ್ಲಿ ಗುದ್ದೇಬಿಟ್ಟೆಯಲ್ಲೇ!" ಎಂದರು.

ಇಳಿದು ನೋಡಿದೆ. ನಿಪ್ಪಟ್ಟಿನಷ್ಟು ಅಗಲದ ನೆಗ್ಗು. ಬಣ್ಣ ಕೂಡ ಎದ್ದಿರಲಿಲ್ಲ. ಬಲ್ಲವರ ಕೈಗೆ ಕೊಟ್ಟಿದ್ದರೆ ಕಾಫಿ ಆರುವುದರೊಳಗೆ ಮುಗಿಯುತ್ತಿತ್ತು. ಆದರೆ ಯಜಮಾನರು ನಿಂತಲ್ಲೇ ಎರಡು ವಿಡಿಯೊ ನೋಡಿ ಬಲ್ಲವರಾಗಿಬಿಟ್ಟರು. ಇವರು ಅರ್ಚಕರ ಮನೆತನದಲ್ಲಿ ಹುಟ್ಟಿ ತೆರಿಗೆ ಸಲಹೆಗಾರರಾದವರು. ಅರ್ಧ ತಾಲ್ಲೂಕಿಗೆ ಬುದ್ಧಿ ಹೇಳುತ್ತಾರೆ. ಮನೆಯಲ್ಲಿ ಬಲ್ಬು ಹೋದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸುತ್ತಾರೆ. ಅವನು ಸ್ಟೂಲು ಹತ್ತಿದ ಮೇಲೆ ಬಲ್ಬನ್ನು ಯಾವ ಕಡೆ ತಿರುಗಿಸಬೇಕೆಂದು ಕೆಳಗಿನಿಂದ ಹೇಳುತ್ತಾರೆ.

ಸಾಲದೆಂಬಂತೆ ಎದುರು ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಬಂದು ಸೇರಿಕೊಂಡರು. ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವರು. ಸಿಂಕು ಕಟ್ಟಿಕೊಂಡಾಗ ಒತ್ತುವ ರಬ್ಬರಿನ ಬಟ್ಟಲನ್ನು ತರಿಸಿ, ನೆಗ್ಗಿನ ಮೇಲೆ ಕುದಿಯುವ ನೀರು ಸುರಿಯಬೇಕೆಂದು ಅಪ್ಪಣೆ ಕೊಡಿಸಿದರು. "ಒಳಗೆ ನಿರ್ವಾತ ಉಂಟಾಗತ್ತೆ. ನೆಗ್ಗು ತಾನಾಗೇ ಹೊರಗೆ ಬರ್ಬೇಕು," ಎಂದರು.

"ಅದು ಪ್ಲಾಸ್ಟಿಕ್ ಬಂಪರ್‌ಗೆ ಮಾಡೋದು ಕಣ್ರೀ, ಇದು ತಗಡು," ಎಂದೆ.

"ನೀನು ಹಿಸ್ಟರಿಯೋಳು, ಸುಮ್ನಿರು," ಎಂದರು ಯಜಮಾನರು.

ಹಿಸ್ಟರಿಯವಳಿಗೆ ನೀರು ಕಾಯಿಸುವ ಕೆಲಸ ಸಿಕ್ಕಿತು. ಒಂದು ಪಾತ್ರೆ ಸುರಿದು ಎಳೆದರು, ಎರಡು ಪಾತ್ರೆ ಸುರಿದು ಎಳೆದರು. ಮೂರನೆಯದು ಬಾಗಿಲಿನ ಬದಲು ಮೇಷ್ಟ್ರ ಪಾದದ ಮೇಲೆ ಬಿತ್ತು. ವಿಜ್ಞಾನವೆಲ್ಲ ಮರೆತು ಅವರು ಒಂಟಿಕಾಲಿನಲ್ಲಿ ಕುಣಿಯುತ್ತಾ ಮನೆಗೆ ಹೋದರು.

ಅಲ್ಲಿಗಾದರೂ ನಿಲ್ಲಬೇಕಿತ್ತು. ನಾನು ಕೋಲಾರದ ಮಾರ್ಕೆಟ್ಟಿನಿಂದ ತಂದಿದ್ದ ಟೊಮ್ಯಾಟೊ ಹೆಚ್ಚುತ್ತಾ ಅಡುಗೆಮನೆಯಲ್ಲಿದ್ದಾಗ ಇವರು ಬಾಗಿಲಿನ ಒಳಹಲಗೆಯನ್ನು ಕಿತ್ತರು. ಬಿಚ್ಚಲಿಲ್ಲ, ಕಿತ್ತರು. ಅದನ್ನು ಹಿಡಿದಿಟ್ಟಿದ್ದ ಕ್ಲಿಪ್ಪುಗಳು ಹುರಿಗಡಲೆ ಅಗಿದ ಹಾಗೆ ಮುರಿಯುವ ಸದ್ದು ಒಲೆಯ ಹತ್ತಿರಕ್ಕೂ ಕೇಳಿಸಿತು. ಆಮೇಲೆ ಸುತ್ತಿಗೆ. ನಾನು ಓಡಿಬರುವ ಹೊತ್ತಿಗೆ ಒಂದು ನೆಗ್ಗಿದ್ದ ಕಡೆ ಏಳೆಂಟು ಬೊಬ್ಬೆಗಳೆದ್ದು, ನಾನೇ ಇಷ್ಟಪಟ್ಟು ಆರಿಸಿದ್ದ ನೀಲಿ ಬಣ್ಣ ಬಿರುಕು ಬಿಟ್ಟಿತ್ತು.

"ಈಗ ಪರ್ವಾಗಿಲ್ಲ ಅಲ್ವೇನೇ? ಗುಳಿ ಹೋಯ್ತು ನೋಡು," ಎಂದರು. ನಿಜ, ಗುಳಿ ಹೋಗಿತ್ತು. ಅಳುವುದಕ್ಕೂ ಆ ಮನುಷ್ಯ ಯೋಗ್ಯನಲ್ಲ ಎನ್ನಿಸಿ ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ.

ಮರುದಿನ ರಜೆ ಹಾಕಿ ಕಾರನ್ನು ಆಂಧ್ರದ ಗಡಿಯ ನಂಗಲಿಗೆ ಒಯ್ದೆ. ಅಲ್ಲಿ ಹೆದ್ದಾರಿಯ ಪಕ್ಕ ಲಾರಿಗಳ ತಗಡು ತಟ್ಟುವ, ತೆಲುಗು ಮನೆಮಾತಿನ ಮುದುಕರೊಬ್ಬರಿದ್ದಾರೆ. ಅವರು ಬಾಗಿಲನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದರು.

"ಎವುರಮ್ಮಾ ಇದನ್ನ ಹಿಂಗ್ ಮಾಡಿದ್ದು? ಗುದ್ದಿದೋರಾ, ರಿಪೇರಿ ಮಾಡಿದೋರಾ?"

"ರಿಪೇರಿ ಮಾಡಿದೋರು."

"ದೇವುಡಾ! ಗುದ್ದಿದ್ದಾದ್ರೆ ಒಂದು ಗಳಿಗೆ ಕೆಲ್ಸ. ಇದು ತಗಡೇ ಹಿಗ್ಗೋಗೈತೆ. ಎರಡು ಲಾರಿ ನಿಂತವೆ, ಹದಿನೈದು ದಿನ ಬಿಟ್ಟು ತಾ."

"ನಾನೇ ಮಾಡ್ಕೊಳ್ಳೋಕೆ ಆಗತ್ತಾ?" ಎಂದು ಕೇಳಿದೆ. ಅವರು ನಗಲಿಲ್ಲ. ನನ್ನ ಅಂಗೈಯನ್ನು ತಗಡಿನ ಮೇಲೆ ಇಡಲು ಹೇಳಿದರು.

"ಕಣ್ಣು ಮುಚ್ಕೊ. ಉಬ್ಬು ಎಲ್ಲೈತೆ ಅಂತ ಕೈಗೆ ಗೊತ್ತಾಗ್ತದೆ. ಒಳಗೆ ಈ ಕಬ್ಬಿಣ ಒತ್ತಿಡ್ಕೊ, ಹೊರಗಿಂದ ಮೆಲ್ಲಗೆ ತಟ್ಟು. ಕೋಪ ತಗಡು ಮೇಲೆ ತೀರಿಸ್ಕೋಬೇಡ."

ಅಂಗೈಯಗಲದ ಕಬ್ಬಿಣದ ತುಂಡೊಂದನ್ನೂ ಚಪ್ಪಟೆ ಮೂತಿಯ ಸುತ್ತಿಗೆಯನ್ನೂ ಕೊಟ್ಟು, ಕೆಲಸವಾದ ಮೇಲೆ ವಾಪಸ್ ತಾ ಎಂದರು. ಮೂರು ಜನ ಗಂಡಸರಲ್ಲಿ ಕೆಲಸ ಬಲ್ಲವರು ಅವರೊಬ್ಬರೇ, ಮಾತು ಕಡಿಮೆ ಆಡಿದವರೂ ಅವರೇ.

ಮುಂದಿನ ಭಾನುವಾರ ಬೆಳಗ್ಗೆ ಗೇಟಿನ ಒಳಗೆ ಮಣೆ ಹಾಕಿಕೊಂಡು ಕೂತೆ. ಕಣ್ಣು ಮುಚ್ಚಿ ಸವರುವುದು, ತಟ್ಟುವುದು, ಮತ್ತೆ ಸವರುವುದು. ಇವರು ಹತ್ತಿರ ಬಂದು, "ಇನ್ನೂ ಜೋರಾಗಿ ಹೊಡೀಬೇಕು," ಎಂದರು. ನಾನು ಸುತ್ತಿಗೆ ಎತ್ತಿ ಹಿಡಿದು ಅವರ ಮುಖ ನೋಡಿದೆ. ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಬೊಬ್ಬೆಗಳು ಒಂದೊಂದಾಗಿ ಅಂಗೈಯ ಕೆಳಗೆ ಅಡಗುತ್ತಾ ಬಂದಾಗ ಎಷ್ಟೋ ವರ್ಷದಿಂದ ಇಲ್ಲದ ಒಂದು ನೆಮ್ಮದಿ ಆಯಿತು. ತಗ್ಗು ತುಂಬುವ ಪುಟ್ಟಿ ಮೆತ್ತಿ, ಉಪ್ಪುಕಾಗದದಿಂದ ಉಜ್ಜಿ, ಬಣ್ಣ ಹಚ್ಚಲು ಇನ್ನೂ ಎರಡು ಭಾನುವಾರ ಹಿಡಿಯಿತು. ಇಳಿಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಈಗಲೂ ಸಣ್ಣ ಅಲೆಯೊಂದು ಕಾಣುತ್ತದೆ. ಸಾಮಾನು ಹಿಂತಿರುಗಿಸಲು ಹೋದಾಗ ಮುದುಕರು ಬಾಗಿಲನ್ನು ಸವರಿ, "ಪರ್ವಾಲೇದು," ಎಂದರು. ಕಾಲೇಜಿನಲ್ಲಿ ಹೊದಿಸಿದ ಯಾವ ಶಾಲಿಗಿಂತಲೂ ಅದು ನನಗೆ ದೊಡ್ಡದು.

ಅದಾದ ತಿಂಗಳಿಗೆ ಶ್ರೀನಿವಾಸಪುರದಲ್ಲಿ ನೆಂಟರ ಮದುವೆ. ಊಟದ ಸಾಲಿನಲ್ಲಿ ಇವರು ತಮ್ಮ ಚಿಕ್ಕಪ್ಪನ ಮಗನಿಗೆ ಹೇಳುತ್ತಿದ್ದರು: "ಮನೇಲೇ ತೆಗೆದ್ವಿ ಕಣೋ. ಬರೀ ತಾಳ್ಮೆ ಬೇಕು, ಅಷ್ಟೆ." ತೆಗೆದ್ವಿ ಎಂಬ ಆ ಬಹುವಚನದಲ್ಲಿ ನನ್ನ ಪಾಲು ಎಷ್ಟೆಂದು ನಾನು ಯೋಚಿಸುತ್ತಿದ್ದಾಗ ಆತ, "ಹಾಗಾದ್ರೆ ನನ್ ಕಾರ್‌ದೂ ಒಂದು ಇದೆ, ನೀನೇ ಬಂದು ತೆಗೆದುಕೊಡೋ," ಎಂದ.

ಯಜಮಾನರು ನನ್ನ ಕಡೆ ನೋಡಿದರು. ನಾನು, "ಖಂಡಿತ ಬರ್ತಾರೆ. ಸುತ್ತಿಗೆ ಹಿಡಿದ್ರೆ ಇವರನ್ನ ಮೀರ್ಸೋರಿಲ್ಲ," ಎಂದು ಹೇಳಿ ಎರಡನೆಯ ಹೋಳಿಗೆ ಹಾಕಿಸಿಕೊಂಡೆ.

ಮರ್ಯಾದೆಯ ಪ್ರಶ್ನೆ, ಇವರು ಹೋಗಲೇಬೇಕಾಯಿತು. ನನಗೆ ಉತ್ತರಪತ್ರಿಕೆ ತಿದ್ದುವುದಿದೆ ಎಂದೆ, ಒಬ್ಬರೇ ಹೋದರು. ಸಂಜೆ ಬಸ್ಸಿನಲ್ಲಿ ಬಂದವರೇ ಉಂಡು ಮಲಗಿದರು. ಏನಾಯಿತೆಂದು ನಾನು ಕೇಳಲಿಲ್ಲ. ಆತ ಅಂದಿನಿಂದ ನಮ್ಮ ಮನೆಗೆ ಫೋನು ಮಾಡಿಲ್ಲ.