ಮಡುವಿನ ತಿಮಿಂಗಿಲ

ದೇವದುರ್ಗದವರು ಕೃಷ್ಣೆಯ ಆಚೆ ದಂಡೆಯ ಬೀಗರ ಮನೆಗೆ ಹರಗೋಲಿನಲ್ಲಿ ಹೋಗಿಬರುತ್ತಿದ್ದ ಕಾಲ ಅದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಪಕ್ಕದ ಮನೆಯ ಜುಬೇದಾ ನನ್ನ ಜೀವದ ಗೆಳತಿ. ಅವಳ ತಾಯಿಯನ್ನು ನಾನು ಖಾಲಾ ಎಂದು ಕರೆಯುತ್ತಿದ್ದೆ. ಅವರ ಮನೆಯಲ್ಲಿ ದಖನಿ, ನಮ್ಮ ಮನೆಯಲ್ಲಿ ಕನ್ನಡ. ನಾವಿಬ್ಬರೂ ಗಜ್ಜುಗ ಆಡುತ್ತ ಎರಡನ್ನೂ ಕಲಸಿ ಮಾತಾಡುತ್ತಿದ್ದೆವು. ನನಗೆ ದಖನಿ ಪೂರ್ತಿ ಬರುತ್ತದೆ ಎಂಬ ಸೊಕ್ಕು ಬೇರೆ.

ಆ ಬೇಸಿಗೆ ರಜೆಯಲ್ಲಿ ಖಾಲಾ ತವರಿಗೆ ಹೊರಟರು. "ಇಕಿನ್ನೂ ಕಳಸ್ರಿ ಅಕ್ಕಾರ, ಎರಡು ದಿನ ಇದ್ದು ಬರ್ತೀವಿ," ಎಂದು ಅವ್ವನನ್ನು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಹರಗೋಲಿನ್ಯಾಗ ಸುಮ್ಮ ಕುಂದ್ರಬೇಕ ಬೇಟಾ. ಮಡುವಿನ್ಯಾಗ ಮಗರ್‌ಮಚ್ಛಿ ಅದಾವ," ಎಂದರು.

ಮಚ್ಛಿ ಎಂದರೆ ಮೀನು. ಅಷ್ಟು ನನಗೆ ಗೊತ್ತಿತ್ತು. ಹಾವು ಬಂದರೂ ಹೆದರದ ಖಾಲಾ ಹೆದರುವ ಮೀನು ಇನ್ಯಾವುದು? ಶಾಲೆಯ ಪುಸ್ತಕದಲ್ಲಿ ತಲೆಯಿಂದ ಕಾರಂಜಿ ಚಿಮ್ಮಿಸುವ ತಿಮಿಂಗಿಲದ ಚಿತ್ರವಿತ್ತು. ಜುಬೇದಾಳಿಗೆ ತೋರಿಸಿದೆ. ಮಗರ್‌ಮಚ್ಛಿಯನ್ನು ಅವಳೂ ಕಂಡಿರಲಿಲ್ಲ. "ಇದೇ ಇರಬೇಕು ನೋಡು," ಎಂದು ಕಣ್ಣರಳಿಸಿದಳು. ಅಂದಿನಿಂದ ಇಬ್ಬರಿಗೂ ಊಟ ರುಚಿಸಲಿಲ್ಲ.

ಹೊಳೆ ದಂಡೆಯ ಮರಳಿನಲ್ಲಿ ಬುತ್ತಿ ಬಿಚ್ಚಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಹರಗೋಲಿಗೆ ಹಸಿ ತೊಗಲಿನ ವಾಸನೆ. ಹುಟ್ಟು ಹಾಕಿದಾಗಲೆಲ್ಲ ಅದು ಗಿರ್ರನೆ ತಿರುಗುತ್ತಿತ್ತು. ಮಡುವು ಬಂದಾಗ ಕೈಕೈ ಹಿಡಿದು ಕಾರಂಜಿಗೆ ಕಾದೆವು. ಬಂಡೆಯ ಮೇಲೆ ಬಿದ್ದಿದ್ದ ಕೊರಡೊಂದು ತಾನೇ ಎದ್ದು ನೀರಿಗೆ ಜಾರಿತು.

"ಅಗಾ, ಮಗರ್‌ಮಚ್ಛಿ!" ಎಂದರು ಖಾಲಾ.

"ಅದು ಮೊಸಳಿ ಅಲ್ರೀ?" ನನಗೆ ಅಳುವೇ ಬಂತು. "ತಿಮಿಂಗಿಲ ಎಲ್ಲಿ?"

"ಕೃಷ್ಣಾ ಹೊಳ್ಯಾಗ ತಿಮಿಂಗಿಲ ಹುಡಕಾಕ ಬಂದೀಯೇನ ಯವ್ವಾ!" ಅಂಬಿಗ ಹುಟ್ಟು ನಿಲ್ಲಿಸಿ ನಕ್ಕ. ಎಲ್ಲರೂ ನಕ್ಕರು, ಜುಬೇದಾ ನಗಲಿಲ್ಲ. ನನ್ನ ಕಿವಿಗೆ ಬಾಯಿಟ್ಟು, "ಅಳಬ್ಯಾಡ. ಅದು ತಳದಾಗ ಇರ್ತದ. ನಾ ಇನ್ನ ಇಲ್ಲೇ ಇರಾಕಿ, ದಿನಾ ನೋಡ್ತೀನಿ. ಕಂಡ್ರ ಹೇಳಿ ಕಳಸ್ತೀನಿ," ಎಂದಳು.

"ಇಲ್ಲೇ ಅಂದ್ರ?"

"ನಾನಿಮಾಗ, ನಮ್ಮಜ್ಜಿಗೆ, ಕಣ್ಣು ಕಾಣಂಗಿಲ್ಲ. ಅಮ್ಮಿ ನನ್ನ ಅಕಿ ಕಡಿ ಬಿಟ್ಟು ಹೋಗ್ತಾಳ. ಮೊದಲೇ ಹೇಳಿದ್ರ ನೀ ಬರ್ತಿದ್ದಿಲ್ಲ."

ನಾನು ಹಿಡಿದಿದ್ದ ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದೆ. ಅವಳ ಅಜ್ಜಿಯ ಮನೆಯಲ್ಲಿ ಆ ಎರಡು ದಿನ ಏನು ಆಡಿದೆವೋ, ಏನು ತಿಂದೆವೋ ಒಂದೂ ನೆನಪಿಲ್ಲ. ಮರಳಿ ಹೊರಟಾಗ ಅವಳು ದಂಡೆಯ ಮೇಲೆ ನಿಂತಿದ್ದಳು. ಹರಗೋಲು ತಿರುಗಿದಂತೆ ಒಮ್ಮೆ ಕಾಣುವಳು, ಒಮ್ಮೆ ಮರೆಯಾಗುವಳು. ನಾನು ಕತ್ತು ಹೊರಳಿಸಿ ಹೊರಳಿಸಿ ಅವಳನ್ನೇ ಹುಡುಕಿದೆ. ಖಾಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ಮಡುವು ಬಂದದ್ದೂ ಗೊತ್ತಾಗಲಿಲ್ಲ, ದಾಟಿದ್ದೂ ಗೊತ್ತಾಗಲಿಲ್ಲ.

ಮರುವರ್ಷ ಖಾಲಾನ ಮನೆಯವರು ಊರಲ್ಲಿದ್ದ ತಮ್ಮ ಅಂಗಡಿ ಎತ್ತಿಕೊಂಡು ದೂರದ ಆದೋನಿಗೆ ಹೋದರು. ಅಜ್ಜಿಯನ್ನೂ ಜುಬೇದಾಳನ್ನೂ ಆಚೆ ದಂಡೆಯಿಂದಲೇ ಕರೆದೊಯ್ದರಂತೆ. ಈಗ ಹೊಳೆಗೆ ಸೇತುವೆಯಾಗಿದೆ, ಬಸ್ಸು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದಾಟಿಸುತ್ತದೆ. ಆಡುವವರಿಲ್ಲದೆ ನನ್ನ ದಖನಿ ಅರ್ಧ ಮರೆತುಹೋಗಿದೆ. ಆದರೂ ಸಂತೆಯಲ್ಲಿ ನನ್ನ ವಾರಿಗೆಯ ಹೆಣ್ಣುಮಗಳು ಯಾರಾದರೂ ದಖನಿ ಮಾತಾಡಿದರೆ ನಿಂತು ಅವಳ ಮುಖ ನೋಡುತ್ತೇನೆ. ಜುಬೇದಾಳೇ ಎದುರಿಗೆ ಬಂದರೂ ನನಗೆ ಗುರುತು ಸಿಗಲಿಕ್ಕಿಲ್ಲ.