ಘೋಡಗೇರಿಯಲ್ಲಿ ಬಂದ್ ಮಾಡಿದ ಎಂಜಿನ್

ಹುಕ್ಕೇರಿಯಲ್ಲಿ ನನ್ನ ತಮ್ಮನ ಮೊಮ್ಮಗನ ನಾಮಕರಣ. ಮಗುವಿನ ತಂದೆಗೆ ಅಕ್ಕತಂಗಿಯರಿಲ್ಲ. ಆದ್ದರಿಂದ ತೊಟ್ಟಿಲಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಸೋದರತ್ತೆಯ ಹಕ್ಕು ನನಗೆ ಬಂದಿತ್ತು. ಹೆಸರು ಆಯುವುದನ್ನೂ ನನಗೇ ಬಿಟ್ಟಿದ್ದರು. ಅದನ್ನು ಯಾರಿಗೂ ಹೇಳದೆ ಮನಸ್ಸಿನಲ್ಲೇ ಇರಿಸಿಕೊಂಡಿದ್ದೆ.

ನನ್ನ ಮೈದುನ ಮೂಡಲಗಿಯಿಂದ ತನ್ನ ಕಾರು ತಂದು ಗೋಕಾಕದಲ್ಲಿ ನನ್ನನ್ನು ಹತ್ತಿಸಿಕೊಂಡ. ಊರು ದಾಟುವ ಮುನ್ನವೇ ಅವನ ಮುಂದೆ ಬ್ಯಾಟರಿಯ ಚಿತ್ರವಿರುವ ಕೆಂಪು ದೀಪ ಹತ್ತಿಕೊಂಡಿತು.

"ಅದೇನೋ ಅದು?" ಎಂದೆ.

"ಏನಿಲ್ರಿ ವೈನಿ. ಬ್ಯಾಟರಿ ಹೊಸಾದ ಐತಿ, ಮೊನ್ನೆರ ಹಾಕಿಸೇನಿ."

"ಹೊಸಾ ಕೊಡಾ ತಂದ್ರ ಬಾವ್ಯಾಗ ನೀರ ಬರತಾವೇನು?"

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ತಾಳ್ಮೆಯಿಂದಲೇ ವಿವರಿಸಿದೆ. ಎಂಜಿನ್ನನ್ನು ಎಬ್ಬಿಸುವುದು ಬ್ಯಾಟರಿ. ಎದ್ದ ಮೇಲೆ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್ ವಿದ್ಯುತ್ತನ್ನು ಹುಟ್ಟಿಸಿ ಗಾಡಿಗೂ ಕೊಡಬೇಕು, ಬ್ಯಾಟರಿಯನ್ನೂ ತುಂಬಬೇಕು. ಆ ದೀಪ ಹತ್ತಿದೆಯೆಂದರೆ ತುಂಬುವವನು ಕೈಬಿಟ್ಟಿದ್ದಾನೆ. ಗಾಡಿ ಕೂಡಿಟ್ಟದ್ದನ್ನೇ ತಿನ್ನುತ್ತಿದೆ. ಎಸಿ ನಿಲ್ಲಿಸು, ಹಾಡು ನಿಲ್ಲಿಸು, ಹುಕ್ಕೇರಿ ಮುಟ್ಟುವವರೆಗೆ ಎಂಜಿನ್ ಮಾತ್ರ ನಿಲ್ಲಿಸಬೇಡ ಎಂದೆ.

"ಸಾಲಿ ಬಿಟ್ರೂ ಪಾಠ ಬಿಡವಲ್ರಿ ನೀವು" ಎಂದು ನಕ್ಕು ಹಾಡಿನ ಸದ್ದು ಏರಿಸಿದ.

ಘೋಡಗೇರಿಯಲ್ಲಿ ಚಹಾದಂಗಡಿ ಕಂಡಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಕೀಲಿ ತಿರುಗಿಸಿ ಇಳಿದೇಬಿಟ್ಟ. ಚಹಾ ಮುಗಿಸಿ ಬಂದು ತಿರುಗಿಸಿದರೆ ಕಟಕಟ ಸದ್ದಲ್ಲದೆ ಬೇರೇನಿಲ್ಲ. ಅಂಗಡಿಯ ಮುಂದೆ ನಿಂತಿದ್ದ ಟ್ರ್ಯಾಕ್ಟರಿನವನು ತನ್ನ ಬ್ಯಾಟರಿಯಿಂದ ವೈರು ಕೊಟ್ಟ, ಕಾರು ಎದ್ದಿತು. "ನೋಡ್ರಿ, ಬ್ಯಾಟರಿಗೆ ಜೀವ ಬಂತು!" ಎಂದು ಮೈದುನ ಮತ್ತೆ ಎಸಿ ಹಾಕಿದ. ಎರವಲು ಪಡೆದ ಜೀವ ಊರಾಚೆಯ ಕಬ್ಬಿನ ಹೊಲದವರೆಗೂ ಬಾಳಲಿಲ್ಲ.

ಅವನು ಫೋನು ಹಿಡಿದು ದೂರ ಹೋದ. ನಾನು ಅವನಿಗಾಗಿ ಕಾಯಲಿಲ್ಲ. ಕೈಯೆತ್ತಿ ಹುಕ್ಕೇರಿಯ ಬಸ್ಸು ನಿಲ್ಲಿಸಿ ಹತ್ತಿದೆ. ಅದು ಹಳ್ಳಿಹಳ್ಳಿಗೂ ನಿಂತಿತು.

ನಾನು ಹೋದಾಗ ಶಾಸ್ತ್ರ ಮುಗಿದು ಗುಗ್ಗರಿ ಹಂಚುತ್ತಿದ್ದರು. ಬೀಗರ ಕಡೆಯ ಹೆಂಗಸೊಬ್ಬಳು ನನ್ನ ಜಾಗದಲ್ಲಿ ನಿಂತು ಯಾವುದೋ ಹೆಸರು ಹೇಳಿ ಮುಗಿಸಿದ್ದಳು. ತಮ್ಮನ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸೀರಿ ಉಡೂದ್ರಾಗ ಹೊತ್ತಾತಂತಲ್ರಿ ಅಕ್ಕಾರ? ನಿಮ್ಮ ಮೈದುನಾರು ಫೋನ್ ಮಾಡಿದ್ರು. ಮುಹೂರ್ತ ಮೀರತಿತ್ತು, ಎಷ್ಟಂತ ಕಾಯೂನ್ರಿ?"

ಕೆಟ್ಟ ಆಲ್ಟರ್ನೇಟರಿನ ತಪ್ಪನ್ನು ಅವನು ನನ್ನ ಸೀರೆಗೆ ಕಟ್ಟಿದ್ದ. ಆ ಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಅಂದು ನೇರವಾಗಿ ತೊಟ್ಟಿಲಿಗೆ ಬಾಗಿ, ನಾನು ಆಯ್ದಿದ್ದ ಹೆಸರನ್ನು ಕೂಸಿನ ಕಿವಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಈಗ ಅವನು ಓಡಾಡುವ ಹುಡುಗ. ನಾನು ಆ ಹೆಸರಿನಿಂದಲೇ ಕರೆಯುತ್ತೇನೆ; ಮನೆಯವರು ಹುಬ್ಬು ಗಂಟಿಕ್ಕುತ್ತಾರೆ, ಅವನು ಓ ಎನ್ನುತ್ತಾನೆ.